ಡೆಮೊ ಸಾಫ್ಟ್‌ವೇರ್‌ನ ರಿಪೋರ್ಟ್ ಹೊರಗೆ ತೆಗೆದು ಹಂಚುವುದು: 14 ತಿಂಗಳು ಬಳಸಿದ ಮೇಲೆ

ಸೋಮವಾರ ಬೆಳಗ್ಗೆ 9 ಗಂಟೆಗೆ ಬಂದು ಕೂತು, ಡೆಮೊ ಸಾಫ್ಟ್‌ವೇರ್‌ನಿಂದ ಡೌನ್‌ಲೋಡ್ ಮಾಡಿದ ಸಿಎಸ್‌ವಿ ಫೈಲನ್ನು (ಕಾಲಂಗಳ ನಡುವೆ ಕಾಮಾ ಹಾಕಿದ ಸಾದಾ ಅಕ್ಷರದ ಫೈಲ್) ಎಕ್ಸೆಲ್‌ನಲ್ಲಿ ತೆರೆದೆ. ಊರಿನ ಕಾಲಂನಲ್ಲಿ ಮಂಡ್ಯ ಇರಬೇಕಿತ್ತು. ಅದರ ಜಾಗದಲ್ಲಿ ತಲೆ ಮೇಲೆ ಸಣ್ಣ ಗೆರೆ ಇರುವ ಇಂಗ್ಲಿಷಿನ ಎ ಅಕ್ಷರ, ಅದರ ಪಕ್ಕ ಮೇಲಕ್ಕೆ ಎತ್ತಿ ಬರೆದ ಪುಟ್ಟ 2, ಆಮೇಲೆ ಬಿಸ್ಕತ್ ಪ್ಯಾಕೆಟ್ ಮೇಲೆ ಬ್ರ್ಯಾಂಡ್ ಹೆಸರಿನ ಪಕ್ಕ ಇರುತ್ತದಲ್ಲ, ಸುತ್ತ ವೃತ್ತ ಹಾಕಿದ ಆರ್, ಅದು. ಮದ್ದೂರಿನ ಶುರುವೂ ಹಾಗೇ. ಮಳವಳ್ಳಿ, ಮೈಸೂರು, ಮೇಲುಕೋಟೆ ಎಲ್ಲದರ ಶುರುವಿನಲ್ಲೂ ಅದೇ ಮೂರು ಗುರುತು. ಸ್ವಲ್ಪ ಹೊತ್ತು ನೋಡುತ್ತಾ ಕೂತ ಮೇಲೆ ಹೊಳೆಯಿತು, ಆ ಮೂರು ಗುರುತು ಸೇರಿದರೆ ನಮ್ಮ 'ಮ' ಅಂತ.

ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ಒಂದು ಸಣ್ಣ ಕಂಪನಿಯಲ್ಲಿ ಸೇಲ್ಸ್ ಲೆಕ್ಕ ನೋಡಿಕೊಳ್ಳುತ್ತೇನೆ. ನಾವು ಮಾರುವುದು ರೈಸ್ ಮಿಲ್‌ಗಳಿಗೆ ಬೇಕಾದ ಸಾಫ್ಟ್‌ವೇರ್. ಲಾರಿ ತೂಗುವ ವೇಬ್ರಿಡ್ಜ್‌ನ ಚೀಟಿ, ಭತ್ತದ ಖರೀದಿ, ಅಕ್ಕಿ, ನುಚ್ಚು, ತೌಡಿನ ಸ್ಟಾಕು, ಹಮಾಲಿ ಲೆಕ್ಕ, ಜಿಎಸ್‌ಟಿ ಬಿಲ್ಲು, ಇಷ್ಟು ಅದರಲ್ಲಿದೆ. ಗಿರಾಕಿಗಳು ಜಾಸ್ತಿ ಮಂಡ್ಯ ಜಿಲ್ಲೆಯವರು. ಮೊದಲೆಲ್ಲ ಪ್ರತಿ ಮಿಲ್ಲಿಗೂ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ ತೋರಿಸುತ್ತಿದ್ದೆವು. ಈಗ ಮೊದಲು ಡೆಮೊ ಲಿಂಕ್ ವಾಟ್ಸಾಪ್‌ನಲ್ಲಿ ಹೋಗುತ್ತದೆ. ಮಿಲ್ ಓನರ್ ಫೋನಿನಲ್ಲೇ ಒಂದೊಂದು ಸ್ಕ್ರೀನ್ ಒತ್ತುತ್ತಾ 12 ಹೆಜ್ಜೆ ನೋಡಬಹುದು. ಈ ಲಿಂಕ್ ತಯಾರಿಸುವುದಕ್ಕೂ, ಯಾರು ಎಷ್ಟು ನೋಡಿದರು ಅಂತ ತಿಳಿಯುವುದಕ್ಕೂ ನಾವು ವಿದೇಶದ ಒಂದು ಡೆಮೊ ಸಾಫ್ಟ್‌ವೇರ್ ತೆಗೆದುಕೊಂಡಿದ್ದೇವೆ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಕೊಳ್ಳುವ ಮುಂಚೆ ಇನ್ನೆರಡು ಟ್ರಯಲ್ ನೋಡಿದ್ದೆ. ನಾನು ಹೇಳಲಿರುವ ತೊಂದರೆಗಳಲ್ಲಿ ಕೆಲವು ಅವುಗಳಲ್ಲೂ ಇದ್ದವು. ಹಾಗಾಗಿ ಯಾವುದನ್ನೇ ಕೊಳ್ಳುವವರಿಗೂ ಇದು ಉಪಯೋಗಕ್ಕೆ ಬಂದೀತು.

ಡೆಮೊ ತಯಾರಿಸುವ ಭಾಗದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅದು ಚೆನ್ನಾಗಿದೆ. ಸ್ಕ್ರೀನ್ ಹಿಡಿದುಕೊಳ್ಳುತ್ತದೆ, ಮೇಲೆ ಕನ್ನಡದಲ್ಲಿ ವಿವರಣೆ ಬರೆಯಬಹುದು, ಕಡಿಮೆ ಬೆಲೆಯ ಫೋನಿನಲ್ಲೂ ತೆರೆದುಕೊಳ್ಳುತ್ತದೆ. ನಾನು ಬರೆಯಬೇಕು ಅಂದುಕೊಂಡಿದ್ದು ರಿಪೋರ್ಟ್ ಬಗ್ಗೆ. ಅದರಲ್ಲೂ ಆ ರಿಪೋರ್ಟ್ ಸಾಫ್ಟ್‌ವೇರ್‌ನಿಂದ ಹೊರಗೆ ಬಂದು ಬೇರೆಯವರ ಕೈ ಸೇರುವ ದಾರಿಯ ಬಗ್ಗೆ. ಡೆಮೊ ಸಾಫ್ಟ್‌ವೇರ್ ಬಗ್ಗೆ ಬರೆಯುವವರು ಆ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ: 'ಸಿಎಸ್‌ವಿ, ಪಿಡಿಎಫ್ ಎಕ್ಸ್‌ಪೋರ್ಟ್ ಇದೆ'. ಇದೆ ಅನ್ನುವುದಕ್ಕೂ ಕೆಲಸಕ್ಕೆ ಬರುತ್ತದೆ ಅನ್ನುವುದಕ್ಕೂ ತುಂಬಾ ದೂರ ಇದೆ.

ಈ ರಿಪೋರ್ಟ್ ಯಾಕೆ ನನಗೆ ಅಷ್ಟು ಮುಖ್ಯ ಅಂತ ಮೊದಲು ಹೇಳಬೇಕು.

ಕಳೆದ ವರ್ಷ ಮದ್ದೂರು ಕಡೆಯ ಒಬ್ಬರು ಮಿಲ್ ಓನರ್‌ಗೆ ಲಿಂಕ್ ಕಳಿಸಿದ್ದೆವು. ಎರಡು ವಾರ ಉತ್ತರ ಇಲ್ಲ. ಫೋನ್ ಮಾಡಿದರೆ 'ನೋಡೋಣ ಬುಡಿ' ಅನ್ನುತ್ತಿದ್ದರು. ಆಸಕ್ತಿ ಇಲ್ಲ ಅಂತ ನಮ್ಮ ಪಟ್ಟಿಯಿಂದ ತೆಗೆಯುವುದರಲ್ಲಿದ್ದೆವು. ಆ ಸಲ ನಾನು ಹೆಜ್ಜೆ ಹೆಜ್ಜೆಯ ಫೈಲ್ ತೆಗೆದು ನೋಡಿದೆ. ಅವರು ಲಿಂಕನ್ನು ನಾಲ್ಕು ದಿನ ಬೇರೆ ಬೇರೆ ಹೊತ್ತಿನಲ್ಲಿ ತೆರೆದಿದ್ದರು. ವೇಬ್ರಿಡ್ಜ್ ಸ್ಕ್ರೀನನ್ನು 3 ಸೆಕೆಂಡಿನಲ್ಲಿ ದಾಟಿದ್ದರು. ಸ್ಟಾಕು, ಜಿಎಸ್‌ಟಿ ಹಾಗೇ ಮುಂದೆ ತಳ್ಳಿದ್ದರು. 7ನೇ ಹೆಜ್ಜೆ, ಹಮಾಲಿ ಲೆಕ್ಕ. ಅಲ್ಲಿಗೆ ಮಾತ್ರ ನಾಲ್ಕೂ ದಿನ ವಾಪಸ್ ಬಂದಿದ್ದರು. ಒಂದು ಸಲ ಅಲ್ಲೇ 2 ನಿಮಿಷ ನಿಂತಿದ್ದರು. ಮಂಡ್ಯ ಕಡೆ ಓಡಾಡುವ ನಮ್ಮ ಹುಡುಗನಿಗೆ ಹೇಳಿದೆ, ಈ ಸಲ ಹೋದಾಗ ಬೇರೇನೂ ಮಾತಾಡಬೇಡ, ಹಮಾಲಿ ಲೆಕ್ಕದಿಂದಲೇ ಶುರು ಮಾಡು ಅಂತ. ಅವನು ಹೋಗಿ ಕೂತು ಕೇಳಿದ. ವಾರದ ಕೊನೆಗೆ ಮೂಟೆ ಲೆಕ್ಕ ಸರಿಹೋಗದೆ ಪ್ರತಿ ಸಲ ಹಮಾಲಿಗಳ ಜೊತೆ ಜಗಳ ಆಗುತ್ತಿತ್ತಂತೆ. ಅವರಿಗೆ ಬೇಕಾಗಿದ್ದು ಅದೊಂದೇ. ಆ ತಿಂಗಳೇ ಸಾಫ್ಟ್‌ವೇರ್ ತೆಗೆದುಕೊಂಡರು.

ಬಾಯಲ್ಲಿ ಹೇಳದಿದ್ದದ್ದನ್ನು ಅವರ ಬೆರಳು ಹೇಳಿತ್ತು. ಆದರೆ ಆ ಮಾಹಿತಿ ಸಾಫ್ಟ್‌ವೇರ್‌ನ ಡ್ಯಾಶ್‌ಬೋರ್ಡ್‌ನಲ್ಲಿ, ಅಂದರೆ ಒಟ್ಟು ಲೆಕ್ಕ ತೋರಿಸುವ ಮೊದಲ ಪುಟದಲ್ಲಿ, ಕಾಣುತ್ತಿರಲಿಲ್ಲ. ಅಲ್ಲಿ ಕಾಣುವುದು ಒಟ್ಟು ಎಷ್ಟು ಜನ ನೋಡಿದರು, ಎಷ್ಟು ಪರ್ಸೆಂಟ್ ಕೊನೆ ಮುಟ್ಟಿದರು, ಸರಾಸರಿ ಎಷ್ಟು ನಿಮಿಷ. ಒಬ್ಬರ ಕಥೆ ಸಿಗಬೇಕಾದರೆ ಫೈಲ್ ಹೊರಗೆ ತೆಗೆಯಲೇಬೇಕು. ಈ ಸಾಫ್ಟ್‌ವೇರ್‌ಗೆ ನಾನು ಕೊಡುವ ದೊಡ್ಡ ಅಂಕ ಇದಕ್ಕೇ. ಎಕ್ಸ್‌ಪೋರ್ಟ್ ಒತ್ತಿದರೆ ಸಾರಾಂಶದ ಫೈಲ್ ಬೇರೆ, ಒಂದೊಂದು ಭೇಟಿಗೆ ಒಂದೊಂದು ಸಾಲು ಇರುವ ಫೈಲ್ ಬೇರೆ, ಒಂದೊಂದು ಹೆಜ್ಜೆಗೆ ಒಂದೊಂದು ಸಾಲು ಇರುವ ಫೈಲ್ ಬೇರೆ ಸಿಗುತ್ತದೆ. ಟ್ರಯಲ್ ನೋಡಿದ ಎರಡರಲ್ಲಿ ಒಂದು ಸುಮ್ನೆ ಸಾರಾಂಶ ಮಾತ್ರ ಕೊಡುತ್ತಿತ್ತು. ಅದನ್ನು ಆಗಲೇ ಬಿಟ್ಟೆವು. ಸರಾಸರಿ ನಂಬುವ ಹಾಗಿಲ್ಲ. ಯಾರೋ ಲಿಂಕ್ ತೆರೆದಿಟ್ಟು ಊಟಕ್ಕೆ ಹೋದರೆ ಆ ಒಂದು ಸಾಲು ಇಡೀ ವಾರದ ಸರಾಸರಿಯನ್ನು ಎತ್ತಿಬಿಡುತ್ತದೆ. ಸಾಲು ಸಾಲಾಗಿ ಕೈಗೆ ಸಿಕ್ಕರೆ ಅಂಥದ್ದನ್ನು ತೆಗೆದುಹಾಕಬಹುದು, ಅಲ್ವಾ?

ಇನ್ನು ಕಷ್ಟಗಳು.

ಕನ್ನಡ ಹಾಳಾಗುವುದು ಮೊದಲನೆಯದು. ನಮ್ಮ ಡೆಮೊ ಶುರುವಾಗುವ ಮುಂಚೆ ಒಂದು ಸಣ್ಣ ಫಾರಂ ಇದೆ. ಹೆಸರು, ಮಿಲ್ಲು, ಊರು, ಫೋನ್ ನಂಬರ್. ಜಾಸ್ತಿ ಜನ ಕನ್ನಡದಲ್ಲೇ ತುಂಬುತ್ತಾರೆ. ಊರನ್ನು ಕೇಳಿಯೇ ತಿಳಿಯಬೇಕು, ಯಾಕೆಂದರೆ ಸಾಫ್ಟ್‌ವೇರ್ ತಾನೇ ಊಹಿಸುವ ಊರು ಇಂಟರ್ನೆಟ್ ವಿಳಾಸದಿಂದ ಬರುವುದು. ಮೊಬೈಲ್ ನೆಟ್‌ವರ್ಕಿನಲ್ಲಿ ನೋಡಿದರೆ ಕೆ.ಆರ್. ಪೇಟೆಯಲ್ಲಿ ಕೂತವರೂ ಬೆಂಗಳೂರು ಅಂತ ಕಾಣುತ್ತಾರೆ.

ಆ ಸೋಮವಾರ ಕನ್ನಡದ ಜಾಗದಲ್ಲಿ ಗುರುತುಗಳು ಬಂದಾಗ, ಫಾರಂ ತುಂಬಿದ್ದೆಲ್ಲ ಹೋಯಿತು ಅಂತ ಎದೆ ಧಸಕ್ ಅಂದಿತ್ತು. ಅದೇ ಫೈಲನ್ನು ಮಂಡ್ಯದ ಹುಡುಗನಿಗೆ ಕಳಿಸಿ ಕೇಳಿದೆ. ಅವನು ನೂರಡಿ ರಸ್ತೆಯಲ್ಲಿ ಟೀ ಕುಡಿಯುತ್ತಿದ್ದ. 'ಅಕ್ಕ, ನನ್ ಫೋನಲ್ಲಿ ಸರಿಯಾಗೇ ಐತಲ್ಲ. ಮಂಡ್ಯ, ಮದ್ದೂರು ಎಲ್ಲಾ ಕಾಣ್ತಾ ಐತೆ' ಅಂದ. ಅವನು ತೆರೆದಿದ್ದು ಗೂಗಲ್ ಶೀಟ್ಸ್‌ನಲ್ಲಿ, ನಾನು ತೆರೆದಿದ್ದು ಎಕ್ಸೆಲ್‌ನಲ್ಲಿ. ಫೈಲ್ ಸರಿಯಾಗೇ ಇತ್ತು.

ಕಾರಣ ಹೀಗಿದೆ. ಫೈಲ್ ಯುಟಿಎಫ್-8ರಲ್ಲಿ ಬರೆದಿರುತ್ತದೆ. ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರ್‌ನಲ್ಲಿ ಬರೆದಿಡುವ ಒಂದು ಪದ್ಧತಿ ಅದು. ಅದರಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಕೊಂಬು, ಇಳಿ 3 ಬೈಟ್ ಹಿಡಿಯುತ್ತದೆ. ಫೈಲಿನ ತಲೆಯಲ್ಲಿ 'ಇದು ಯುಟಿಎಫ್-8' ಅಂತ ಹೇಳುವ ಗುರುತೊಂದು ಇರದಿದ್ದರೆ, ಸಿಎಸ್‌ವಿ ಮೇಲೆ ಎರಡು ಸಲ ಒತ್ತಿ ತೆರೆದಾಗ ನನ್ನ ಎಕ್ಸೆಲ್ ಅದನ್ನು ಹಳೆಯ ಇಂಗ್ಲಿಷ್ ಲಿಪಿಯ ಫೈಲ್ ಅಂದುಕೊಳ್ಳುತ್ತದೆ. ಒಂದೊಂದು ಬೈಟಿಗೂ ಒಂದೊಂದು ಅಕ್ಷರ ತೋರಿಸುತ್ತದೆ. ಹಾಗಾಗಿ 'ಮ' ಮೂರು ಗುರುತಾಗಿ ಒಡೆಯಿತು. ಸರಿಪಡಿಸುವುದು ಸುಲಭ. ಫೈಲನ್ನು ನೇರವಾಗಿ ತೆರೆಯಬೇಡಿ. ಖಾಲಿ ಎಕ್ಸೆಲ್ ತೆರೆದು, ಡೇಟಾ ಅನ್ನುವ ಟ್ಯಾಬ್‌ಗೆ ಹೋಗಿ, ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಒತ್ತಿ, ಫೈಲ್ ಆರಿಜಿನ್ ಅನ್ನುವ ಕಡೆ 65001 ಯೂನಿಕೋಡ್ ಯುಟಿಎಫ್-8 ಆರಿಸಿ. ಕನ್ನಡ ಹಾಗೇ ಬರುತ್ತದೆ. ಅದೇ ಕಿಟಕಿಯಲ್ಲಿ ಟ್ರಾನ್ಸ್‌ಫಾರ್ಮ್ ಡೇಟಾ ಒತ್ತಿ, ಫೋನ್ ನಂಬರ್ ಕಾಲಂ ಅನ್ನು ಟೆಕ್ಸ್ಟ್ ಅಂತ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ 91 ಸೇರಿದ 12 ಅಂಕಿಯ ನಂಬರು 9.19 ಆಮೇಲೆ ಇ, ಆಮೇಲೆ ಪ್ಲಸ್ 11 ಅಂತ ಆಗುತ್ತದೆ. ಹಾಗೆ ಕಾಣುವಾಗ ಅದನ್ನೇ ಸಿಎಸ್‌ವಿಯಾಗಿ ಸೇವ್ ಮಾಡಿದರೆ ನಂಬರು ಶಾಶ್ವತವಾಗಿ ಹೋದ ಹಾಗೆ. ನಮ್ಮಲ್ಲಿ ಒಂದು ಸಲ ಹಾಗಾಗಿ, ಮತ್ತೆ ಡೌನ್‌ಲೋಡ್ ಮಾಡಬೇಕಾಯಿತು.

ಇದನ್ನು ನಾನು ಕಲಿತುಕೊಂಡೆ, ಸರಿ. ಆದರೆ ಇದು ನಾವು ಕಲಿಯಬೇಕಾದ ವಿಷಯ ಅಲ್ಲ. ಆ ಗುರುತನ್ನು ಫೈಲಿನ ತಲೆಗೆ ಸೇರಿಸುವುದು ಅವರ ಕಡೆ ತೀರಾ ಸಣ್ಣ ಕೆಲಸ. ಕನ್ನಡ, ತಮಿಳು, ಹಿಂದಿ ಬಳಸುವ ಇಷ್ಟು ದೊಡ್ಡ ದೇಶಕ್ಕೆ ಸಾಫ್ಟ್‌ವೇರ್ ಮಾರುವವರು ಎಕ್ಸೆಲ್‌ನಲ್ಲಿ ಒಂದು ಸಲ ತೆರೆದು ನೋಡಬಾರದೇ?

ಎರಡನೆಯದು ಗಂಟೆಯ ಲೆಕ್ಕ. ಇದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಜಾಸ್ತಿ ಅಪಾಯ. ಡ್ಯಾಶ್‌ಬೋರ್ಡ್ ನಮ್ಮ ಸಮಯ ತೋರಿಸುತ್ತದೆ. ಎಕ್ಸ್‌ಪೋರ್ಟ್ ಮಾಡಿದ ಫೈಲ್ ಮಾತ್ರ ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಸಮಯದಲ್ಲಿ ಇರುತ್ತಿತ್ತು, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ ಗಿರಾಕಿಗಳು ಬೆಳಗ್ಗೆ ಬೇಗ ಏಳುವವರು. ಸೋಮವಾರ ಬೆಳಗಿನ 5 ಗಂಟೆಗೆ, ಮಿಲ್ಲಿಗೆ ಹೋಗುವ ಮುಂಚೆ ಕಾಫಿ ಕುಡಿಯುತ್ತಾ ನೋಡಿದ್ದು ಫೈಲಿನಲ್ಲಿ ಭಾನುವಾರ ರಾತ್ರಿ 11:30 ಅಂತ ಬರುತ್ತಿತ್ತು. ನಾವು ಎಷ್ಟೋ ತಿಂಗಳು ನಮ್ಮ ಗಿರಾಕಿಗಳು ರಾತ್ರಿ ಹೊತ್ತು ನೋಡುತ್ತಾರೆ ಅಂತಲೇ ತಿಳಿದಿದ್ದೆವು. ರಾತ್ರಿ 8ಕ್ಕೆ ಲಿಂಕ್ ಕಳಿಸುತ್ತಿದ್ದೆವು. ತಪ್ಪು ಗೊತ್ತಾದ ಮೇಲೆ ಬೆಳಗ್ಗೆ ಕಳಿಸಲು ಶುರು ಮಾಡಿದೆವು. 1ನೇ ತಾರೀಖು ಬೆಳಗ್ಗೆ 5:30ರ ಮುಂಚೆ ನೋಡಿದ್ದು ಹಿಂದಿನ ತಿಂಗಳ ಲೆಕ್ಕಕ್ಕೆ ಸೇರುತ್ತಿತ್ತು ಅನ್ನುವುದು ಇನ್ನೊಂದು. ನಮ್ಮ ಹುಡುಗನ ಇನ್ಸೆಂಟಿವ್ ತಿಂಗಳ ಲೆಕ್ಕದ ಮೇಲೆ ನಿಂತಿದೆ. ಒಂದು ಸಲ ಅವನಿಗೆ ಕಡಿಮೆ ಬಂದಿತ್ತು. ನಾನೇ ಹಳೆಯ ಫೈಲ್‌ಗಳನ್ನೆಲ್ಲ ತೆಗೆದು ಸರಿಮಾಡಿ ಕೊಡಿಸಿದೆ.

ಆಗ ಮಾಡುತ್ತಿದ್ದದ್ದು ಇಷ್ಟೇ. ಸಮಯದ ಕಾಲಂನ ಪಕ್ಕ ಇನ್ನೊಂದು ಕಾಲಂ ಮಾಡಿ, ಮೊದಲನೆಯದಕ್ಕೆ 5.5/24 ಕೂಡಿಸುತ್ತಿದ್ದೆ. ಎಕ್ಸೆಲ್‌ಗೆ ಒಂದು ದಿನ ಅಂದರೆ 1. ಹಾಗಾಗಿ ಐದೂವರೆ ಗಂಟೆಗೆ ಇದೇ ಲೆಕ್ಕ. ತಾರೀಖಿನ ಮೇಲೂ ಒಂದು ಕಣ್ಣಿಡಿ. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. 03/04 ಅಂದರೆ ನಮಗೆ ಏಪ್ರಿಲ್ 3, ಅವರಿಗೆ ಮಾರ್ಚ್ 4. 12ಕ್ಕಿಂತ ದೊಡ್ಡ ತಾರೀಖು ಬಂದಾಗ ಮಾತ್ರ ಗಡಬಡ ಗೊತ್ತಾಗುವುದು.

ಪಿಡಿಎಫ್ ಬಗ್ಗೆ. ನಮ್ಮ ಓನರ್‌ಗೆ 60 ದಾಟಿದೆ. ಅವರಿಗೆ ಕಾಗದ ಬೇಕು. ಕೆಂಪು ಪೆನ್ನು ಹಿಡಿದು, ಒಂದೊಂದು ಮಿಲ್ಲಿನ ಹೆಸರಿನ ಪಕ್ಕ ಗುರುತು ಹಾಕಿ, 'ಇವರಿಗೆ ನಾನೇ ಫೋನ್ ಮಾಡ್ತೀನಮ್ಮ' ಅನ್ನುತ್ತಾರೆ. ಅವರು ಫೋನ್ ಮಾಡಿದರೆ ಕೆಲಸ ಆಗುತ್ತದೆ, ಆ ಮಾತು ಬೇರೆ. ಹಾಗಾಗಿ ಪಿಡಿಎಫ್ ನಮಗೆ ಅಲಂಕಾರ ಅಲ್ಲ. ಆದರೆ ಅದು ಬರುವುದು ಅಮೆರಿಕದ ಲೆಟರ್ ಅಳತೆಯಲ್ಲಿ. ಎ4 ಕಾಗದದ ಅಗಲ 210 ಮಿಲಿಮೀಟರ್, ಲೆಟರ್ ಸುಮಾರು 216. ಪೂರ್ತಿ ಅಳತೆಯಲ್ಲಿ ಪ್ರಿಂಟ್ ಕೊಟ್ಟರೆ ಅಂಚು ಕತ್ತರಿಸುತ್ತದೆ. ಬಲಗಡೆ ಕೊನೆಯಲ್ಲಿದ್ದದ್ದು ಫೋನ್ ನಂಬರ್ ಕಾಲಂ. ಪ್ರಿಂಟ್ ಕೊಡುವಾಗ ಫಿಟ್ ಅಂತ ಆರಿಸಿದರೆ ಇದು ಸರಿಹೋಗುತ್ತದೆ. ಎಲ್ಲಿ ಬಿಟ್ಟುಹೋದರು ಅಂತ ತೋರಿಸುವ ಗ್ರಾಫ್ ತಿಳಿ ಹಸಿರು, ಗಾಢ ಹಸಿರು ಬಣ್ಣದಲ್ಲಿದೆ. ನಮ್ಮ ಕಪ್ಪು ಬಿಳುಪು ಪ್ರಿಂಟರ್‌ನಲ್ಲಿ ಎಲ್ಲವೂ ಹೆಚ್ಚು ಕಡಿಮೆ ಒಂದೇ ಬೂದಿ ಬಣ್ಣ. ಇದಕ್ಕೆ ದಾರಿ ಸಿಕ್ಕಿಲ್ಲ.

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಪಿಡಿಎಫ್‌ನಲ್ಲಿ ಕನ್ನಡ ಒಡೆಯುವುದು. ಮಂಡ್ಯದ ಒತ್ತು ಕೆಳಗೆ ಕೂರದೆ 'ಡ್' ಬೇರೆ 'ಯ' ಬೇರೆ ಆಗಿ ನಿಲ್ಲುತ್ತದೆ. ಶ್ರೀರಂಗಪಟ್ಟಣದಲ್ಲಂತೂ ಒತ್ತುಗಳೆಲ್ಲ ಬಿಡಿ ಬಿಡಿ. ಕೆಲವು ಹೆಸರುಗಳಲ್ಲಿ ಬರೀ ಚೌಕ ಡಬ್ಬಿಗಳು. ಫಾಂಟ್ ಸೇರಿಸದೆ, ಅಕ್ಷರ ಜೋಡಿಸುವ ಕೆಲಸ ಮಾಡದೆ ಪಿಡಿಎಫ್ ತಯಾರಿಸಿದರೆ ಹೀಗಾಗುತ್ತದೆ. ಸ್ಕ್ರೀನಿನ ಮೇಲೆ ಅದೇ ಹೆಸರು ಸರಿಯಾಗೇ ಕಾಣುವುದು ಬ್ರೌಸರ್ ಆ ಕೆಲಸ ಮಾಡುವುದರಿಂದ. ಇದಕ್ಕೆ ನಾನು ಕಂಡುಕೊಂಡ ದಾರಿ, ಅವರ ಪಿಡಿಎಫ್ ಗುಂಡಿ ಒತ್ತುವುದನ್ನೇ ಬಿಟ್ಟು, ಬ್ರೌಸರ್‌ನಲ್ಲಿ ರಿಪೋರ್ಟ್ ತೆರೆದು ಅಲ್ಲಿಂದಲೇ ಪ್ರಿಂಟ್ ಕೊಟ್ಟು ಸೇವ್ ಆಸ್ ಪಿಡಿಎಫ್ ಮಾಡುವುದು. ಕಾಗದ ಎ4 ಅಂತ ಅಲ್ಲೇ ಆರಿಸಬಹುದು. ಕನ್ನಡ ಮುದ್ದಾಗಿ ಬರುತ್ತದೆ. ಸಾಫ್ಟ್‌ವೇರ್‌ನ ಮೆನು, ಗುಂಡಿಗಳೂ ಮೇಲೆ ಪ್ರಿಂಟ್ ಆಗುತ್ತವೆ. ಓನರ್ ಅದನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ.

ಹೆಸರು ಒಡೆದು ಬರುವುದನ್ನು ಸಣ್ಣ ವಿಷಯ ಅಂತ ಅವರ ಸಪೋರ್ಟ್‌ನವರು ಒಂದು ಸಲ ಬರೆದಿದ್ದರು. ನನಗೆ ಹಾಗೆ ಅನಿಸುವುದಿಲ್ಲ. ಮಿಲ್ಲಿನ ಹೆಸರು ಅಂದರೆ ಜಾಸ್ತಿ ಸಲ ಅದು ದೇವರ ಹೆಸರು, ಇಲ್ಲ ಅವರ ಅಪ್ಪನ ಹೆಸರು. ಅದನ್ನು ಒಡೆದ ಅಕ್ಷರದಲ್ಲಿ ಅವರ ಮುಂದೆ ಇಡುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಈಗ ಲಿಂಕ್ ಹಂಚುವ ವಿಷಯ. ಇದನ್ನು ಬರೆಯಬೇಕು ಅಂತಲೇ ನಾನು ಈ ವಿಮರ್ಶೆ ಶುರು ಮಾಡಿದ್ದು.

ರಿಪೋರ್ಟನ್ನು ಫೈಲ್ ಮಾಡದೆ ಲಿಂಕ್ ಮಾಡಿ ಕಳಿಸಬಹುದು. ಲಾಗಿನ್ ಬೇಡ, ಒತ್ತಿದರೆ ತೆರೆಯುತ್ತದೆ. ಫೋನಿನಲ್ಲಿ ಚೆನ್ನಾಗಿ ಕಾಣುತ್ತದೆ. ನಮ್ಮ ಹುಡುಗನಿಗಂತೂ ಇದೇ ಇಷ್ಟ. ಪಾಂಡವಪುರದ ಕಡೆ ಒಬ್ಬರು ದೊಡ್ಡ ಮಿಲ್ಲಿನವರು. ಮಗ, ಅಳಿಯ, ರೈಟರ್, ಮ್ಯಾನೇಜರ್ ಎಲ್ಲರಿಗೂ ಡೆಮೊ ಲಿಂಕ್ ಕಳಿಸಿದ್ದೆವು. 'ನಮ್ಮೋರು ಯಾರ್ಯಾರ್ ನೋಡವ್ರೆ ಹೇಳಿ' ಅಂತ ಕೇಳಿದರು. ನ್ಯಾಯವಾದ ಕೇಳಿಕೆ. ನಾನು ರಿಪೋರ್ಟ್ ತೆರೆದು, ಅವರ ಮಿಲ್ಲಿನ ಹೆಸರು ಫಿಲ್ಟರ್ ಹಾಕಿದೆ. ಪರದೆ ಮೇಲೆ ಅವರ ಐದು ಜನ ಮಾತ್ರ ಉಳಿದರು. ಶೇರ್ ಒತ್ತಿ, ಲಿಂಕ್ ತೆಗೆದು ವಾಟ್ಸಾಪ್‌ನಲ್ಲಿ ಹಾಕಿದೆ.

ಹತ್ತು ನಿಮಿಷಕ್ಕೆ ಫೋನ್ ಬಂತು. 'ಏನ್ ತಾಯಿ ಇದು, ನಮ್ದು ಕೇಳುದ್ರೆ ಊರೋರ್ದೆಲ್ಲ ಕಳ್ಸಿದ್ದೀರಲ್ಲ' ಅಂದರು. ನನಗೆ ಅರ್ಥ ಆಗಲಿಲ್ಲ. ಅದೇ ಲಿಂಕನ್ನು ನನ್ನ ಫೋನಿನಲ್ಲಿ ಒತ್ತಿದೆ. ಆ ತಿಂಗಳು ಡೆಮೊ ನೋಡಿದ ಎಲ್ಲ ಮಿಲ್ಲಿನವರ ಹೆಸರು, ಊರು, ಫೋನ್ ನಂಬರ್ ಸಾಲಾಗಿ ನಿಂತಿತ್ತು. ನಾನು ಹಾಕಿದ ಫಿಲ್ಟರ್ ನನ್ನ ಪರದೆಗೆ ಮಾತ್ರ ಸೇರಿದ್ದು. ಲಿಂಕ್ ಜೊತೆ ಅದು ಹೋಗುವುದಿಲ್ಲ. ಲಿಂಕ್ ಅಂದರೆ ಇಡೀ ರಿಪೋರ್ಟ್.

'ನಾಳೆ ನಮ್ ಲೆಕ್ಕ ನಿಮ್ ಸಾಫ್ಟ್‌ವೇರ್‌ನಲ್ಲಿ ಇಟ್ರೆ ಅದೂ ಹಿಂಗೇ ಹೋಯ್ತದಾ?' ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು. ಲೆಕ್ಕದ ಸಾಫ್ಟ್‌ವೇರ್ ಮಾರುವವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ತಕ್ಷಣ ಲಿಂಕ್ ಆಫ್ ಮಾಡಿದೆ. ಆಫ್ ಮಾಡಿದ ಮರುಕ್ಷಣವೇ ಅದು ತೆರೆಯುವುದು ನಿಂತಿತು, ಅಷ್ಟರ ಮಟ್ಟಿಗೆ ಅವರ ಕೆಲಸ ಸರಿಯಿದೆ. ಆ ಪಟ್ಟಿಯಲ್ಲಿದ್ದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಬುಧವಾರ ರೈಲು ಹತ್ತಿ ಪಾಂಡವಪುರಕ್ಕೆ ಹೋಗಿ ಅವರನ್ನೂ ಕಂಡು ಬಂದೆ. ನಮ್ಮ ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದಿದೆ. ಒಬ್ಬರ ಹೆಸರು, ಫೋನ್ ನಂಬರ್ ಕೂಡ ವೈಯಕ್ತಿಕ ಡೇಟಾನೇ. ಆದರೆ ಕಾಯ್ದೆ ಇಲ್ಲದಿದ್ದರೂ ಇದು ತಪ್ಪೇ.

ನನ್ನ ಪಾಲಿನ ತಪ್ಪು ಇದೆ. ಕಳಿಸುವ ಮುಂಚೆ ಲಾಗಿನ್ ಇಲ್ಲದ ಕಿಟಕಿಯಲ್ಲಿ ಒಂದು ಸಲ ತೆರೆದು ನೋಡಬೇಕಿತ್ತು. ಈಗ ಇನ್‌ಕಾಗ್ನಿಟೋದಲ್ಲಿ ನೋಡದೆ ಒಂದು ಲಿಂಕೂ ಹೋಗುವುದಿಲ್ಲ. ಆದರೆ ಪರದೆ ಮೇಲೆ ಐದು ಜನ ಕಾಣುವಾಗ ಶೇರ್ ಒತ್ತಿದರೆ ಐದು ಜನರೇ ಹೋಗುತ್ತಾರೆ ಅಂತ ಯಾರಾದರೂ ನಂಬುತ್ತಾರೆ. ಶೇರ್ ಗುಂಡಿಯ ಪಕ್ಕ ಒಂದು ಸಾಲು ಎಚ್ಚರಿಕೆ ಕೂಡ ಇರಲಿಲ್ಲ. ಲಿಂಕಿಗೆ ಪಾಸ್‌ವರ್ಡ್ ಹಾಕುವ, ಇಂಥ ದಿನಕ್ಕೆ ಮುಗಿಯಲಿ ಅಂತ ಇಡುವ ಸೌಲಭ್ಯ ಇದೆ. ಎರಡೂ ಮೊದಲಿಂದ ಆಫ್ ಆಗಿರುತ್ತವೆ, ನಾವೇ ಹುಡುಕಿ ಆನ್ ಮಾಡಬೇಕು. ನಾನು ಈಗ ಎಲ್ಲ ಲಿಂಕಿಗೂ 7 ದಿನ ಇಡುತ್ತೇನೆ. ಗಿರಾಕಿಗಳಿಗೆ ರಿಪೋರ್ಟಿನ ಲಿಂಕ್ ಕೊಡುವುದಿಲ್ಲ. ಅವರ ಸಾಲುಗಳನ್ನು ಮಾತ್ರ ಬೇರೆ ಶೀಟಿಗೆ ಕಾಪಿ ಮಾಡಿ, ಒಂದು ಪುಟದ ಪಿಡಿಎಫ್ ಮಾಡಿ ಕಳಿಸುತ್ತೇನೆ.

ವಾರ ವಾರ ತಾನಾಗೇ ಮೇಲ್ ಬರುವ ಸೌಲಭ್ಯವೂ ಇದೆ. ಸೋಮವಾರ 9 ಅಂತ ಇಟ್ಟೆ. ಮಧ್ಯಾಹ್ನ 2:30ಕ್ಕೆ ಬಂತು. ಮತ್ತೆ ಅದೇ ಯುಟಿಸಿ. ಅರ್ಧ ಗಂಟೆಯ ಆಯ್ಕೆ ಇಲ್ಲ, ಹಾಗಾಗಿ 3 ಅಂತ ಇಟ್ಟು 8:30ಕ್ಕೆ ಬರುವ ಹಾಗೆ ಮಾಡಿಕೊಂಡಿದ್ದೇನೆ. ಈ ಮೇಲ್ ಲಾಗಿನ್ ಇರುವವರಿಗೆ ಮಾತ್ರ ಹೋಗುತ್ತದೆ. ಓನರ್‌ಗೆ ಹೋಗಬೇಕಾದರೆ ಅವರ ಹೆಸರಲ್ಲಿ ಇನ್ನೊಂದು ಲಾಗಿನ್ ಕೊಳ್ಳಬೇಕು. ವಾರಕ್ಕೊಂದು ಮೇಲ್ ಓದುವುದಕ್ಕೆ ತಿಂಗಳ ಬಾಡಿಗೆ ಕಟ್ಟುವುದು ನ್ಯಾಯ ಅಲ್ಲ. ನನ್ನ ಜಿಮೇಲ್‌ನಿಂದ ಅವರಿಗೆ ಫಾರ್ವರ್ಡ್ ಆಗುವ ಹಾಗೆ ಇಟ್ಟಿದ್ದೇನೆ. ಗೂಗಲ್ ಶೀಟ್ಸ್‌ಗೆ ನೇರವಾಗಿ ಹೋಗುವ ವ್ಯವಸ್ಥೆ ಮೇಲಿನ ಪ್ಲಾನ್‌ನಲ್ಲಿದೆ, ನಾವು ತೆಗೆದುಕೊಂಡಿಲ್ಲ.

ಲೆಕ್ಕ ನಂಬುವ ಮುಂಚೆ ಇನ್ನೊಂದು ಮಾತು. ನಾವು ನಾವೇ ಲಿಂಕ್ ತೆರೆದು ನೋಡಿದ್ದು ಗಿರಾಕಿ ನೋಡಿದ ಹಾಗೆ ಸೇರುತ್ತಿತ್ತು. ಆಫೀಸಿನ ಇಂಟರ್ನೆಟ್ ವಿಳಾಸವನ್ನು ಬಿಟ್ಟುಬಿಡು ಅಂತ ಸೆಟ್ಟಿಂಗ್‌ನಲ್ಲಿ ಹೇಳಿದ ಮೇಲೆ ಅದು ನಿಂತಿತು. ಆದರೂ ಹುಡುಗ ಮಂಡ್ಯದಿಂದ ತನ್ನ ಮೊಬೈಲಿನಲ್ಲಿ ತೆರೆದರೆ ಸೇರುತ್ತದೆ. ಮೇಲ್‌ನಲ್ಲಿ ಕಳಿಸಿದ ಲಿಂಕ್‌ಗಳಲ್ಲಿ ಇನ್ನೊಂದು ಥರ. ಕೆಲವು ಕಂಪನಿಗಳ ಮೇಲ್ ಸರ್ವರ್ ಒಳಗೆ ಬಂದ ಲಿಂಕ್ ಸುರಕ್ಷಿತವೇ ಅಂತ ತಾನೇ ಒಂದು ಸಲ ತೆರೆದು ನೋಡುತ್ತದೆ. ಮನುಷ್ಯರು ಯಾರೂ ನೋಡಿರುವುದಿಲ್ಲ, ಲೆಕ್ಕದಲ್ಲಿ ಒಂದು ಭೇಟಿ ಬಂದಿರುತ್ತದೆ. ಮೇಲ್ ಕಳಿಸಿದ ಕೆಲವೇ ಸೆಕೆಂಡಿಗೆ ತೆರೆದ, 1 ಸೆಕೆಂಡೂ ನಿಲ್ಲದ ಸಾಲುಗಳನ್ನು ನಾನು ತೆಗೆದುಹಾಕುತ್ತೇನೆ. ಮೊದಲ ಸಲ ಹಾಗೆ ಸೋಸಿದಾಗ ನಮ್ಮ ಲೆಕ್ಕ ಎದ್ದು ಕಾಣುವಷ್ಟು ಇಳಿಯಿತು. ಓನರ್ ಮುಖ ಸಪ್ಪಗಾಯಿತು. ಆದರೆ ಆಮೇಲೆ ಅವರೇ 'ಜಳ್ಳು ತೂರಿದ ಮೇಲೆ ಉಳಿದಿದ್ದೇ ಭತ್ತ ಕಣಮ್ಮ' ಅಂದರು.

ಸಪೋರ್ಟ್‌ನವರು ಒಳ್ಳೆಯವರು. ಒಂದು ದಿನದೊಳಗೆ ಉತ್ತರ ಬರುತ್ತದೆ, ಇಂಗ್ಲಿಷ್‌ನಲ್ಲಿ. ನಾನು ಎಲ್ಲದಕ್ಕೂ ಸ್ಕ್ರೀನ್‌ಶಾಟ್ ಹಾಕಿ ಬರೆದೆ. ಲಿಂಕ್‌ನ ವಿಷಯ ಬರೆದ ಮೇಲೆ ಶೇರ್ ಗುಂಡಿಯ ಪಕ್ಕ 'ಫಿಲ್ಟರ್ ಸೇರುವುದಿಲ್ಲ' ಅಂತ ಒಂದು ಸಾಲು ಬಂದಿದೆ. ಎಕ್ಸ್‌ಪೋರ್ಟ್ ಮಾಡುವಾಗ ಸಮಯ ಆರಿಸುವ ಸೌಲಭ್ಯ ಎರಡು ತಿಂಗಳ ಹಿಂದೆ ಬಂತು. ಸಿಎಸ್‌ವಿಯ ತಲೆಗೆ ಗುರುತು ಸೇರಿಸಿ ಅಂದಿದ್ದಕ್ಕೆ 'ಪಟ್ಟಿಯಲ್ಲಿದೆ' ಅಂದಿದ್ದಾರೆ. ಪಿಡಿಎಫ್ ಕನ್ನಡ ಸರಿಮಾಡುತ್ತೇವೆ ಅಂತ ಮಾತ್ರ ಹೇಳಿಲ್ಲ.

ದುಡ್ಡಿನ ಬಗ್ಗೆ ಒಂದು ಮಾತು. ಬಿಲ್ಲು ಡಾಲರ್‌ನಲ್ಲಿ ಬರುತ್ತದೆ. ವಿದೇಶದಿಂದ ಸೇವೆ ತೆಗೆದುಕೊಂಡ ಲೆಕ್ಕ ಆಗುವುದರಿಂದ 18 ಪರ್ಸೆಂಟ್ ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್‌ನಲ್ಲಿ ನಾವೇ ಕಟ್ಟಬೇಕು. ಆಮೇಲೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳಬಹುದು, ಅಂದರೆ ನಾವು ಕಟ್ಟಬೇಕಾದ ಬೇರೆ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು, ಆದರೂ ಮೊದಲು ಕೈಯಿಂದ ಹೋಗುತ್ತದೆ. ಕೊಳ್ಳುವಾಗ ನಿಮ್ಮ ಆಡಿಟರ್‌ಗೆ ಒಂದು ಮಾತು ಹೇಳಿಡಿ.

ಕೊಳ್ಳಬಹುದಾ ಅಂತ ಕೇಳಿದರೆ, ಸಾಲು ಸಾಲಾಗಿ ಸಿಗುವ ಆ ಫೈಲ್‌ಗೋಸ್ಕರ ನಾನು ಹೌದು ಅನ್ನುತ್ತೇನೆ. ಐದರಲ್ಲಿ ಮೂರು ಅಂಕ. ಟ್ರಯಲ್ ಇರುವಾಗಲೇ ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ತುಂಬಿ, ಬೆಳಗ್ಗೆ 5ಕ್ಕೆ ಒಂದು ಸಲ ಡೆಮೊ ತೆರೆದು, ಫೈಲ್ ಡೌನ್‌ಲೋಡ್ ಮಾಡಿ ಆಫೀಸಿನ ಕಂಪ್ಯೂಟರ್‌ನಲ್ಲೇ ನೋಡಿ. ಪಿಡಿಎಫ್ ತೆಗೆದು ಕಾಗದದ ಮೇಲೆ ಪ್ರಿಂಟ್ ಕೊಡಿ. ಫಿಲ್ಟರ್ ಹಾಕಿದ ಲಿಂಕನ್ನು ಬೇರೆಯವರ ಫೋನಿನಲ್ಲಿ ಒತ್ತಿಸಿ ನೋಡಿ. ಅರ್ಧ ದಿನದ ಕೆಲಸ.

ನಾವು ವರ್ಷದ ಪ್ಲಾನ್‌ನಿಂದ ತಿಂಗಳ ಪ್ಲಾನ್‌ಗೆ ಇಳಿದಿದ್ದೇವೆ. ಫಿಲ್ಟರ್ ಲಿಂಕಿನ ಜೊತೆಗೇ ಹೋಗುವ ಹಾಗೆ ಮಾಡಿದ ದಿನ ಮತ್ತೆ ವರ್ಷಕ್ಕೆ ಕಟ್ಟುತ್ತೇವೆ ಅಂತ ಅವರಿಗೆ ಬರೆದಿದ್ದೇನೆ. ಪಾಂಡವಪುರದವರು ಇನ್ನೂ ಒಪ್ಪಿಕೊಂಡಿಲ್ಲ. ಮುಂದಿನ ಬುಧವಾರ ಬನ್ನಿ, ಕೂತು ಮಾತಾಡುವ ಅಂದಿದ್ದಾರೆ. ಅವರ ಐದು ಜನರ ರಿಪೋರ್ಟನ್ನು ಕಾಗದದ ಮೇಲೆ, ಒತ್ತಕ್ಷರ ಸರಿಯಾಗಿ ಕೂರಿಸಿ, ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ.